ವೈನ್ ಬಾಟಲಿಯಲ್ಲಿ ನುಡಿ

ಕಳೆದ ಬಾರಿ ಕುರೆಕುಪ್ಪಕ್ಕೆ ಹೋದಾಗ ಅಮ್ಮ ಟ್ರಂಕಿನಿಂದ ಒಂದು ಸಿ.ಡಿ. ತೆಗೆದುಕೊಟ್ಟಳು. "ನಿಮ್ಮ ಮಾವಂದು. ಅವ್ವನ ಹಾಡು ಎಲ್ಲಾ ಇದ್ರಾಗ ಅದಾವಂತ. ಕಂಪ್ಯೂಟರ್ ಓದೀಯಲ್ಲ, ತೆಗೆದು ತೋರ್ಸು" ಅಂದಳು. ನಮ್ಮ ಸೋದರಮಾವ ಶಾಲೆ ಮಾಸ್ತರರು. ಅಜ್ಜಿ ಹಾಡುತ್ತಿದ್ದ ಸೋಬಾನೆ ಪದ, ಬೀಸೋ ಪದಗಳನ್ನು ಎರಡು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿ, ಕೈಯಲ್ಲಿ ಬರೆದು, 2003ರಲ್ಲಿ ಹೊಸಪೇಟೆಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಈಗ ಅಜ್ಜಿಯೂ ಇಲ್ಲ, ಮಾವನೂ ಇಲ್ಲ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ. ಉಳಿದದ್ದು ಈ ಸಿ.ಡಿ. ಒಂದೇ.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ತೋರಣಗಲ್ಲಿನ ಗೆಳೆಯನ ಹತ್ತಿರ ಸಿ.ಡಿ. ಡ್ರೈವ್ ಕಡ ತಂದು ಹಾಕಿದೆ. ಫೈಲೇನೋ ತೆರೆಯಿತು. ಆದರೆ ಒಳಗೆ ಕನ್ನಡವೇ ಇಲ್ಲ! 'ಕನ್ನಡ' ಎಂಬ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹಾಕಿಕೊಂಡ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಆಮೇಲೆ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಕಂಪ್ಯೂಟರ್ ಬಲ್ಲ ಕನ್ನಡಿಗರಿಗೆ ಈ ಸಾಲು ನೋಡಿದ ಕೂಡಲೇ ಗೊತ್ತಾಗುತ್ತದೆ, ಇದು 'ನುಡಿ'ಯಲ್ಲಿ ಬರೆದದ್ದು ಅಂತ.

ನುಡಿ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ಹಾಗಾಗಿ ನನಗೆ ಮೊದಲು ಹೊಳೆದದ್ದು 'ವೈನ್'. ಫೋನಿನಲ್ಲಿ ಗೆಳೆಯನಿಗೆ "ವೈನ್ ಹಾಕಿ ನೋಡ್ತೀನಿ" ಅಂದದ್ದು ಅಮ್ಮನ ಕಿವಿಗೆ ಬಿತ್ತು. "ಮನ್ಯಾಗ ಕುಂತು ಏನೋ ಅದು ವೈನು?" ಅಂತ ಅಡುಗೆಮನೆಯಿಂದಲೇ ಗದರಿದಳು :-)

ವಿಷಯಕ್ಕೆ ಬರೋಣ. ಒಂದು ಮನೆಗೆ ಹೊಲಿಸಿದ ಬಾಗಿಲನ್ನು ಇನ್ನೊಂದು ಮನೆಗೆ ಕೂರಿಸುವ ಈ ಚಟ ಹೊಸದೇನಲ್ಲ. 1978ರಲ್ಲಿ ಬಂದ ವರ್ಡ್‌ಸ್ಟಾರ್ ಸಿಪಿ/ಎಂ ಎಂಬ ಕಾರ್ಯಾಚರಣೆ ವ್ಯವಸ್ಥೆಗಾಗಿ ಬರೆದದ್ದು. ಆಪಲ್ 2 ಇದ್ದವರಿಗೆ ಅದು ಸಿಗುವಂತಿರಲಿಲ್ಲ. 1980ರಲ್ಲಿ ಮೈಕ್ರೋಸಾಫ್ಟ್ ಒಂದು ಕಾರ್ಡ್ ತಂದಿತು. ಅದರಲ್ಲಿ ಜೆಡ್-80 ಪ್ರೊಸೆಸರ್ ಇತ್ತು. ಅದನ್ನು ಆಪಲ್ ಒಳಗೆ ಸಿಕ್ಕಿಸಿದರೆ ಸಿಪಿ/ಎಂ ಓಡುತ್ತಿತ್ತು, ಅದರ ಮೇಲೆ ವರ್ಡ್‌ಸ್ಟಾರ್ ಕೂಡ. ಇಂದು ವಿಂಡೋಸ್ ತಂತ್ರಾಂಶವನ್ನು ಲಿನಕ್ಸಿನಲ್ಲಿ ಓಡಿಸಲು ಒದ್ದಾಡುವವರು ಈ ಕಥೆ ಕೇಳಿದರೆ ನಗಬಹುದು. ಅಂದು ಬೇರೆಯವರ ಆಫೀಸ್ ತಂತ್ರಾಂಶಕ್ಕೆ ದಾರಿ ಮಾಡಿಕೊಟ್ಟದ್ದು ಸ್ವತಃ ಮೈಕ್ರೋಸಾಫ್ಟ್!

ವೈನ್ ಶುರುವಾದದ್ದು 1993ರಲ್ಲಿ. ಅದು ನಕಲಿ ಕಂಪ್ಯೂಟರನ್ನು ಸೃಷ್ಟಿಸುವುದಿಲ್ಲ. ದುಭಾಷಿಯ ಕೆಲಸ ಮಾಡುತ್ತದೆ, ಅಷ್ಟೇ. ತಂತ್ರಾಂಶ ವಿಂಡೋಸನ್ನು ಉದ್ದೇಶಿಸಿ "ಒಂದು ಕಿಟಕಿ ತೆರೆ", "ಈ ಫೈಲ್ ಓದು" ಎಂದರೆ, ಆ ಮಾತನ್ನು ಲಿನಕ್ಸಿಗೆ ಅರ್ಥವಾಗುವಂತೆ ದಾಟಿಸುತ್ತದೆ. ಕೋಡ್‌ವೀವರ್ಸ್ ಎಂಬ ಕಂಪನಿ ಇದನ್ನೇ ಆಧರಿಸಿ 2002ರಲ್ಲಿ 'ಕ್ರಾಸ್‌ಓವರ್ ಆಫೀಸ್' ಮಾರಲು ಶುರುಮಾಡಿ, ಲಿನಕ್ಸಿನಲ್ಲಿ ಮೈಕ್ರೋಸಾಫ್ಟ್ ವರ್ಡ್, ಎಕ್ಸೆಲ್ ಓಡಿಸಿತು. ವೈನ್ 1.0 ಹೊರಬರಲು ಮಾತ್ರ 2008ರ ಜೂನ್ ಬೇಕಾಯಿತು. ಹದಿನೈದು ವರ್ಷ!

ನಮ್ಮವರ ಕಥೆ ಇನ್ನೂ ಸ್ವಾರಸ್ಯದ್ದು. ಡಾಸ್ ಕಾಲದಲ್ಲಿ ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿ, ಇಂಗ್ಲಿಷಿಗಾಗಿ ಮಾಡಿದ ತಂತ್ರಾಂಶಗಳಲ್ಲಿ ಭಾರತೀಯ ಲಿಪಿ ಮೂಡಿಸುತ್ತಿದ್ದರು. ಕೆ.ಪಿ. ರಾವ್ ಅವರು ಡಾಸ್‌ಗಾಗಿಯೇ 'ಸೇಡಿಯಾಪು' ಬರೆದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದೊಂದಿಗೆ ಸರ್ಕಾರಿ ಕಚೇರಿಗಳನ್ನೆಲ್ಲ ಸೇರಿತು.

1991ನೇ ಇಸವಿಯನ್ನೇ ನೋಡಿ. ಲಿನಕ್ಸ್ ಹುಟ್ಟಿದ್ದು, ಯೂನಿಕೋಡ್ 1.0 ಬಂದದ್ದು, ಭಾರತದ ಇಸ್ಕಿ ಶಿಷ್ಟತೆ ಪರಿಷ್ಕೃತವಾಗಿ ಬಂದದ್ದು, ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆರಂಭವಾದದ್ದು, ಎಲ್ಲ ಅದೇ ವರ್ಷ. ಹಾಗಾದರೆ ಹನ್ನೆರಡು ವರ್ಷದ ನಂತರವೂ ಮಾವನ ಫೈಲ್ ಯಾಕೆ ಯೂನಿಕೋಡಿನಲ್ಲಿರಲಿಲ್ಲ? ಶಿಷ್ಟತೆ ಪುಸ್ತಕದಲ್ಲಿದ್ದರೆ ಸಾಲದು. ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡಕ್ಕೆ ಬೆಂಬಲ, ಜೊತೆಗೆ ತುಂಗಾ ಫಾಂಟ್ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಂಗಡಿಯವರ ಹಳೆಯ ಮಶೀನು, ಪ್ರಿಂಟಿಗೆ ಹೋಗುವ ತಂತ್ರಾಂಶ ಅದಕ್ಕೆ ಸಿದ್ಧವಿರಲಿಲ್ಲ. ಆದ್ದರಿಂದ ಒಂದು ಜಾಣ ಉಪಾಯ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದ 256 ಮನೆಗಳಲ್ಲಿ ಕನ್ನಡದ ಅಕ್ಷರದ ತುಂಡುಗಳ ಚಿತ್ರ ಕೂರಿಸುವುದು. ಪಿ ಇರುವಲ್ಲಿ 'ಕ'ದ ಒಡಲು, ಗೀಟಿನ ಎ ಇರುವಲ್ಲಿ ತಲೆಕಟ್ಟು. ಕಂಪ್ಯೂಟರಿಗೆ ಅದು ಕನ್ನಡ ಎಂದು ಗೊತ್ತೇ ಇಲ್ಲ. ಕಣ್ಣಿಗೆ ಮಾತ್ರ ಕನ್ನಡ. ಯಾರನ್ನೂ ಬೈಯುವಂತಿಲ್ಲ. ಆ ಉಪಾಯ ಇರದಿದ್ದರೆ ಅಜ್ಜಿಯ ಪದ ಟೈಪ್ ಆಗುತ್ತಲೇ ಇರಲಿಲ್ಲ.

ವೈನ್ ಒಳಗೆ ನುಡಿ ಎದ್ದಿತು. ಅಲ್ಲಿನ ವರ್ಡ್‌ಪ್ಯಾಡಿನಲ್ಲಿ ಕನ್ನಡ ಮೂಡಿತು. ಪಕ್ಕದಲ್ಲೇ ತೆರೆದಿದ್ದ ಲಿನಕ್ಸಿನ ಲಿಬ್ರೆಆಫೀಸಿನಲ್ಲಿ ಒತ್ತಿದರೆ ಬರೀ ಇಂಗ್ಲಿಷ್. ಕಾರಣ ಸರಳ. ಇಂಥ ತಂತ್ರಾಂಶಗಳು ನಾವು ಒತ್ತುವ ಕೀಲಿಯನ್ನು ವಿಂಡೋಸ್ ಕೈಯಿಂದ ನಡುವೆಯೇ ಹಿಡಿದು ಕನ್ನಡದ ತುಂಡುಗಳಾಗಿ ಬದಲಿಸುತ್ತವೆ. ವೈನ್‌ನ ಅಂಗಳದಾಚೆ ಅವಕ್ಕೆ ಅಧಿಕಾರವಿಲ್ಲ.

ಆಮೇಲೆ ತಲೆ ಚಚ್ಚಿಕೊಂಡೆ. ಓದಲು ನುಡಿ ತಂತ್ರಾಂಶ ಬೇಕೇ ಇರಲಿಲ್ಲ, ಅದರ ಫಾಂಟ್ ಸಾಕಿತ್ತು! ಫಾಂಟನ್ನು ಲಿನಕ್ಸಿಗೆ ಹಾಕಿ ಲಿಬ್ರೆಆಫೀಸ್ ತೆರೆದರೆ ಪುಟಗಟ್ಟಲೆ ಕನ್ನಡ. ಆದರೆ ಓದಬಹುದೇ ಹೊರತು ಹುಡುಕಲಾಗದು. ತಂಗಿಯ ಫೋನಿಗೆ ಕಳಿಸಿದರೆ ಮತ್ತೆ ಅದೇ ಪಿ, ಅದೇ ಪೌಂಡು.

ಹಾಗಾಗಿ ಯೂನಿಕೋಡಿಗೆ ಬದಲಿಸಲೇಬೇಕಾಯಿತು. ಅರವಿಂದ ವಿ.ಕೆ. ಅವರು ಬರೆದು ಮುಕ್ತವಾಗಿ ಹಂಚಿದ ಪರಿವರ್ತಕ ಬಳಸಿದೆ. ಇದು ಒಂದಕ್ಕೊಂದು ಅಕ್ಷರ ಬದಲಿಸುವಷ್ಟು ಸುಲಭದ ಕೆಲಸವಲ್ಲ. 'ಕರ್ನಾಟಕ'ದ ಅರ್ಕಾವತ್ತು ನುಡಿ ಫೈಲಿನಲ್ಲಿ 'ನಾ' ಆದಮೇಲೆ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲಿ ರಕಾರ ಮೊದಲು. ಪರಿವರ್ತಕ ಅದನ್ನು ಹಿಡಿದು ಮುಂದಕ್ಕೆ ತರಬೇಕು. ಅದು ಸರಿಯಾಗಿಯೇ ತಂದಿತು.

ಒಂದು ಕಡೆ ಮಾತ್ರ ಸಿಕ್ಕಿಬಿದ್ದೆ. ಕೆಲವು ಹಾಡಿನ ಕೊನೆಗೆ ಒಂಟಿ ಸೊನ್ನೆ, ಕೆಲವಕ್ಕೆ ವಿಸರ್ಗದ ಎರಡು ಸೊನ್ನೆ. ಕಸ ಎಂದುಕೊಂಡು ಅಳಿಸುತ್ತಾ ಹೋದೆ. ಹತ್ತು ಹಾಡು ಆದಮೇಲೆ ಹೊಳೆಯಿತು. ನುಡಿಯಲ್ಲಿ ಇಂಗ್ಲಿಷಿನ ಎ ಇರುವ ಮನೆಯಲ್ಲಿ ಕೂತಿರುವುದು ಅನುಸ್ವಾರ, ಬಿ ಇರುವಲ್ಲಿ ವಿಸರ್ಗ. ಮೂಲ ಫೈಲ್ ತೆಗೆದು ನೋಡಿದರೆ ಆ ಅಕ್ಷರಗಳು ಬೇರೆ ಫಾಂಟಿನಲ್ಲಿದ್ದವು. ಮಾವ ಪ್ರತಿ ಹಾಡಿನ ಕೊನೆಗೆ ಅದು ಕ್ಯಾಸೆಟ್ಟಿನ 'ಎ' ಬದಿಯೋ 'ಬಿ' ಬದಿಯೋ ಎಂದು ಇಂಗ್ಲಿಷಿನಲ್ಲಿ ಗುರುತು ಹಾಕಿದ್ದರು! ಪರಿವರ್ತಕಕ್ಕೆ ಅದು ಇಂಗ್ಲಿಷ್ ಎಂದು ತಿಳಿಯುವ ಬಗೆಯಿರಲಿಲ್ಲ. ಅಳಿಸಿದ್ದನ್ನೆಲ್ಲ ಮತ್ತೆ ಕೂರಿಸಿದೆ.

ತಂತ್ರಾಂಶವನ್ನು ಹೇಗೋ ಓಡಿಸಬಹುದು, ಕಾರ್ಡ್ ಸಿಕ್ಕಿಸಿಯೋ ವೈನ್ ಹಾಕಿಯೋ. ಬರೆದದ್ದು ಯಾವ ಸಂಕೇತದಲ್ಲಿದೆ ಎನ್ನುವುದನ್ನು ಮರೆತರೆ ಓಡಿಸಿಯೂ ಪ್ರಯೋಜನವಿಲ್ಲ. ನಿಮ್ಮ ಮನೆಯಲ್ಲೂ ಅಪ್ಪನದೋ ಅಜ್ಜನದೋ ಇಂಥ ಸಿ.ಡಿ. ಇದ್ದರೆ ಈಗಲೇ ತೆರೆದು ನೋಡಿ. ಬದಲಿಸಿದ ಮೇಲೂ ಮೂಲ ಫೈಲನ್ನು ಮಾತ್ರ ಎಸೆಯಬೇಡಿ.

ರಾತ್ರಿ ಅಮ್ಮನಿಗೆ ಫೋನಿನಲ್ಲೇ ಮೊದಲ ಪದ ತೆಗೆದುಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಾಲು ಓದಿದಳು. ಮೂರನೆಯ ಸಾಲಿಗೆ ಫೋನ್ ಪಕ್ಕಕ್ಕಿಟ್ಟು ಹಾಡಿಯೇಬಿಟ್ಟಳು. ಆ ಸಾಲು ಫೈಲಿನಲ್ಲಿ ಇದ್ದಂತೆ ಇರಲಿಲ್ಲ. "ಅಣ್ಣ ತಪ್ಪು ಬರ್ದಾನ" ಅಂದಳು. ತಿದ್ದಲಿಲ್ಲ, ಕೆಳಗೆ ಅಮ್ಮನ ಪಾಠವನ್ನೂ ಸೇರಿಸಿದ್ದೇನೆ.