ಜೇಬಿನಲ್ಲಿ ದೊಡ್ಡ ನೆಗೆಟಿವ್

ಬೆಟ್ಟ ಹತ್ತುವ ಛಾಯಾಗ್ರಾಹಕನಿಗೆ ಹಳೆಯ ಪೇಚಾಟವೊಂದಿದೆ: ನೆಗೆಟಿವ್ ದೊಡ್ಡದಾದಷ್ಟೂ ದೂರದ ಮರಗಳು ಸ್ಪಷ್ಟ, ಕ್ಯಾಮೆರಾ ಮಾತ್ರ ಹೆಗಲಿಗೆ ಹೊರೆ. ಕಮ್ಮಾರನ ತಿದಿಯಂತೆ ಮಡಚಿಕೊಳ್ಳುವ ಕ್ಯಾಮೆರಾಗಳು ಇದಕ್ಕೆ ಉಪಾಯವಾದವು. 1901ರಲ್ಲಿ ಕೊಡಕ್ ತಂದ 120 ಫಿಲ್ಮ್ ಸುರುಳಿ ಅವಕ್ಕೆ ಚೆನ್ನಾಗಿ ಒಗ್ಗಿತು. 1930ರ ದಶಕದಲ್ಲಿ ಜರ್ಮನಿಯ ಝೈಸ್ ಐಕಾನ್ ಕಂಪನಿಯ ಸೂಪರ್ ಐಕೊಂಟಾ, ದೂರ ಅಳೆಯುವ ಸಾಧನದೊಡನೆ ಕೋಟಿನ ಜೇಬು ಸೇರಿತು. 1979ರ ಪ್ಲೌಬೆಲ್ ಮಕೀನಾ 67 ಹೆಸರಿಗಷ್ಟೇ ಜರ್ಮನ್. ತಯಾರಾದದ್ದು ಜಪಾನಿನಲ್ಲಿ, ಮಸೂರ ನಿಕಾನ್ ಕಂಪನಿಯದು. ಅದರ ನೆಗೆಟಿವ್ ಸಾಮಾನ್ಯ 35 ಮಿ.ಮೀ. ನೆಗೆಟಿವ್‌ಗಿಂತ ನಾಲ್ಕು ಪಟ್ಟಿಗೂ ಹೆಚ್ಚು ದೊಡ್ಡದು.

ಇಷ್ಟಾದರೂ ಸುರುಳಿಗೆ ಹತ್ತೇ ಚಿತ್ರ. ಜಿಪುಣತನ ಇಲ್ಲಿ ಗುಣವೇ ಸರಿ! ತಿದಿಯ ಕಥೆ ಬೇರೆ. ಮಡಿಕೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಬೆಳಕು ನುಗ್ಗಿ ಫಿಲ್ಮ್ ಕೆಡುತ್ತದೆ; ಪ್ರಯಾಣಿಕನಿಗೆ ಅದು ಗೊತ್ತಾಗುವುದು ಊರಿಗೆ ಮರಳಿ ಫಿಲ್ಮ್ ತೊಳೆಸಿದ ಮೇಲೆ.