ಮಸ್ಕಿಯ ಶಾಸನವೂ ನಮ್ಮ ಬೀದಿಗಳೂ

ಮಸ್ಕಿಯ ಬಂಡೆಶಾಸನವು 1915ರಲ್ಲಿ ಬೆಳಕಿಗೆ ಬಂದು, ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ಸ್ಥಿರಪಡಿಸಿದ ಸಂಗತಿಯನ್ನು ವಾಚಕರು ಬಲ್ಲರು. ಧರ್ಮದಲ್ಲಿ ನಡೆದರೆ ದೊಡ್ಡವರಂತೆ ಸಣ್ಣವರೂ ಶ್ರೇಯಸ್ಸನ್ನು ಹೊಂದಬಲ್ಲರೆಂಬುದು ಅದರ ತಾತ್ಪರ್ಯ. ಅದೇ ಅರಸನು ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯ ಬದಿಗಳಲ್ಲಿ ಆಲದ ಮರಗಳನ್ನು ನೆಡಿಸಿ ಬಾವಿಗಳನ್ನು ತೋಡಿಸಿದನೆಂದು ಆತನ ಸ್ತಂಭಶಾಸನವು ಹೇಳುತ್ತದೆ. ನಡೆಯುವವನ ಸುಖವೇ ಅಂದು ದಾರಿಯ ಅಳತೆಗೋಲಾಗಿದ್ದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಲಿಂಗಸುಗೂರು ದಂಡಿನ ಠಾಣ್ಯವಾದಾಗಲೂ ಈ ಸೀಮೆಯ ಹಾದಿಗಳ ವೇಗವು ಎತ್ತು ಕುದುರೆಗಳ ವೇಗವೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆಯ ನೀರು ಸಿಂಧನೂರಿನ ಎರೆಹೊಲಗಳನ್ನು ಮುಟ್ಟಿದ ತರುವಾಯ ಜೋಳದ ನಾಡು ಭತ್ತದ ನಾಡಾಯಿತು. ಬಂಡಿಯ ಜಾಡಿನಲ್ಲಿ ಲಾರಿ, ಟ್ರ್ಯಾಕ್ಟರುಗಳು ಓಡತೊಡಗಿದುವು. ಇಂದು ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ಹೆದ್ದಾರಿಯು ಮೂರು ಊರುಗಳನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದೆ.

ಬೀದಿಯನ್ನು ಅಗಲಿಸಿದರೆ ಅಪಾಯವು ತಗ್ಗುವುದೆಂದು ಹಲವರ ನಂಬಿಕೆ. ಆದರೆ ಅಗಲವಾದ ನೇರ ಬೀದಿಯು ವೇಗವನ್ನು ಕರೆಯುತ್ತದೆ; ವೇಗವು ಇಮ್ಮಡಿಸಿದರೆ ಘಾತದ ಶಕ್ತಿಯು ನಾಲ್ಮಡಿಸುತ್ತದೆ. ಮನುಷ್ಯನು ತಪ್ಪುವುದು ಸಹಜ, ಆ ತಪ್ಪಿಗೆ ಪ್ರಾಣವೇ ದಂಡವಾಗದಂತೆ ದಾರಿಯನ್ನು ರಚಿಸಬೇಕೆಂಬ ನೀತಿಯನ್ನು ಸ್ವೀಡನ್ ದೇಶದ ಶಾಸನಸಭೆಯು 1997ರಲ್ಲಿ ಅಂಗೀಕರಿಸಿತು. ಪೇಟೆಯೊಳಗೆ ವಾಹನದ ಪಥವನ್ನು ಕಿರಿದುಗೊಳಿಸುವುದು, ಎಡೆಬಿಡದ ಕಾಲುದಾರಿ, ದಾಟುವೆಡೆಯಲ್ಲಿ ನಿಲ್ಲಲು ನಡುದಿಣ್ಣೆ, ಸಾಲುಮರ — ಇವು ಅಂತಹ ರಚನೆಯ ಅಂಗಗಳು.

ಶಾಲೆಗೆ ಹೋಗುವ ಕೂಸು, ಸಂತೆಗೆ ಬರುವ ಮುದುಕಿ, ಇವರೇ ಬೀದಿಯಲ್ಲಿ ಸಣ್ಣವರು. ಇವರು ನಿರ್ಭಯವಾಗಿ ದಾಟುವಂತೆ ಬೀದಿಗಳನ್ನು ತಿದ್ದಿದಲ್ಲಿ, ಮಸ್ಕಿಯ ಬಂಡೆಯ ಮಾತನ್ನು ನಮ್ಮ ನಗರಸಭೆ ಪುರಸಭೆಗಳು ಆಚರಣೆಗೆ ತಂದಂತಾಗುವುದು.