ಮಣ್ಣಿನಲ್ಲಿ ಉಳಿದ ಪುಟ್ಟ ಪಾದಗಳು

ಹಸುಗೂಸಿನ ಕೈಕಾಲಿನ ಅಚ್ಚು ತೆಗೆಯುವುದು ಹೇಳಿದಷ್ಟು ಸುಲಭವಲ್ಲ. ಅಂಗೈಗೆ ಏನು ತಾಗಿದರೂ ಕೂಸು ಮುಷ್ಟಿ ಬಿಗಿಯುತ್ತದೆ, ಪಾದದಡಿ ಒತ್ತಿದರೆ ಬೆರಳುಗಳನ್ನು ಮಡಚಿಕೊಳ್ಳುತ್ತದೆ. ಈಚೆಗೆ ನೆಂಟರ ಮನೆಯಲ್ಲಿ ಮೂರು ತಿಂಗಳ ಮಗುವಿನ ಪಾದವನ್ನು ಅಲ್ಜಿನೇಟ್ ಹಿಟ್ಟಿನಲ್ಲಿ ಅದ್ದಿ, ಅದು ಗಟ್ಟಿಯಾಗುವ ಒಂದೆರಡು ನಿಮಿಷ ಹಿಡಿದುಕೊಳ್ಳಲು ಮೂವರು ದೊಡ್ಡವರು ಬೇಕಾದರು. ಇದೆಲ್ಲ ಈ ಕಾಲದ ಶೋಕಿ ಎಂದು ಅಲ್ಲಿದ್ದ ಹಿರಿಯರೊಬ್ಬರು ಗೊಣಗಿದರು. ಶೋಕಿ ಹೌದೋ ಅಲ್ಲವೋ, ಈ ಕಾಲದ್ದಂತೂ ಅಲ್ಲ.

ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದಲ್ಲಿ, ಹಾಕೊದಾತೆ ನಗರದ ವ್ಯಾಪ್ತಿಯಲ್ಲಿ, ಕಾಕಿನೋಶಿಮಾ ಎಂಬ ನೆಲೆಯಿದೆ. ಜೋಮೋನ್ ಎಂದು ಕರೆಯುವ, ಬೇಟೆ ಮತ್ತು ಮೀನುಗಾರಿಕೆಯಿಂದ ಬದುಕುತ್ತಿದ್ದ ಜನ ಅಲ್ಲಿದ್ದರು. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಉತ್ತರ ಜಪಾನಿನ ಜೋಮೋನ್ ನೆಲೆಗಳಲ್ಲಿ ಅದೂ ಒಂದು. ಅಲ್ಲಿನ ಸುಮಾರು 7000 ವರ್ಷ ಹಳೆಯ ಸಮಾಧಿಗಳಲ್ಲಿ ಅಂಗೈಯಗಲದ ಸುಟ್ಟ ಮಣ್ಣಿನ ಬಿಲ್ಲೆಗಳು ಸಿಕ್ಕಿವೆ. ಅವುಗಳ ಮೇಲೆ ಎಳೆಯ ಮಕ್ಕಳ ಪಾದದ ಗುರುತು. ಅಂಚಿನಲ್ಲಿ ದಾರ ಪೋಣಿಸಲು ತೂತು. ಮಗು ತೀರಿಕೊಂಡಾಗ ಅದರ ಪಾದದ ಅಚ್ಚು ತೆಗೆದು ಮನೆಯಲ್ಲಿ ತೂಗುಹಾಕಿಕೊಂಡಿದ್ದು, ತಂದೆಯೋ ತಾಯಿಯೋ ಸತ್ತಾಗ ಅವರ ಜೊತೆ ಹೂಳುತ್ತಿದ್ದರು ಎಂಬುದು ಒಂದು ವಿವರಣೆ. ಮಗು ಬೆಳೆಯಲಿ ಎಂಬ ಹರಕೆಯ ವಸ್ತು ಎಂದು ಹೇಳುವವರೂ ಇದ್ದಾರೆ. ನನಗೆ ಮೊದಲನೆಯದೇ ಒಪ್ಪಿಗೆ. ತೂತು ಕೊರೆದದ್ದು ಕಣ್ಣಿಗೆ ಬೀಳುವ ಕಡೆ ಇಟ್ಟುಕೊಳ್ಳಲಿಕ್ಕೇ ಅಲ್ಲವೇ?

ಅದೇ ಜಪಾನಿ ಭಾಷೆಯಲ್ಲಿ ಅಂಗೈಯಚ್ಚಿಗೆ ‘ತೆಗಾತಾ’ ಎನ್ನುತ್ತಾರೆ. ಸುಮೊ ಜಟ್ಟಿಗಳು ಅಭಿಮಾನಿಗಳಿಗೆ ಕೊಡುವುದು ಅದನ್ನೇ, ಮಗುವಿನ ನೆನಪಿಗೆ ತೆಗೆಸುವುದೂ ಅದನ್ನೇ. ಆದರೆ ಇವತ್ತು ಬ್ಯಾಂಕಿನಲ್ಲಿ ತೆಗಾತಾ ಎಂದರೆ ಸಾಲದ ಹುಂಡಿ. ಒಂದು ಕಾಲದಲ್ಲಿ ಪತ್ರಗಳಿಗೆ ಅಂಗೈಯನ್ನೇ ಒತ್ತುತ್ತಿದ್ದುದರ ಉಳಿಕೆ ಅದು. ನೆನಪು, ಸಾಲ ಎರಡಕ್ಕೂ ಒಂದೇ ಪದ. ಇದನ್ನು ತಿಳಿದಾಗ ನನಗೆ ಸಿರಿಯಾದ ಮೂರು ಮಣ್ಣಿನ ತುಂಡುಗಳು ನೆನಪಾದವು.

ಯೂಫ್ರೆಟಿಸ್ ನದಿಗೆ ಅಣೆಕಟ್ಟು ಕಟ್ಟುವಾಗ ಮುಳುಗಲಿದ್ದ ಪ್ರದೇಶದಲ್ಲಿ 1972ರಿಂದ ಫ್ರೆಂಚ್ ತಂಡವೊಂದು ಉತ್ಖನನ ನಡೆಸಿತು. ಅಲ್ಲಿ ಸಿಕ್ಕಿದ್ದು ಎಮಾರ್ ಎಂಬ ಪ್ರಾಚೀನ ಪಟ್ಟಣ. ಅಲ್ಲಿನ ಶಕುನ ಹೇಳುವ ಮನೆತನವೊಂದರ ಕಡತಗಳಲ್ಲಿ, ಕ್ರಿ.ಪೂ. 13ನೇ ಶತಮಾನದ ಮಣ್ಣಿನ ಹಲಗೆಗಳ ನಡುವೆ, ಜದಮ್ಮ ಮತ್ತು ಕುಎ ದಂಪತಿಯ ಕಥೆಯಿದೆ. (ಹೆಸರು ನೋಡಿ ನಮ್ಮೂರ ಹೆಂಗಸೆಂದುಕೊಳ್ಳಬೇಡಿ, ಜದಮ್ಮ ಗಂಡಸು.) ಗಂಡ ಊರಲ್ಲಿರಲಿಲ್ಲ, ಬರಗಾಲ, ಮಕ್ಕಳು ಚಿಕ್ಕವು, ಅನ್ನ ಹಾಕುವವರಿಲ್ಲ. ಕುಎ ಮೊದಲು ಬಾಲಬಿಯಾ ಎಂಬ ಮಗಳನ್ನು 30 ಶೆಕೆಲ್ ಬೆಳ್ಳಿಗೆ ಒಬ್ಬ ಹೆಂಗಸಿಗೆ ಕೊಡಲು ಒಪ್ಪಿದಳು. ಆಕೆ ಹಣ ಕೊಡಲಿಲ್ಲ. ಕೊನೆಗೆ ಗಂಡಹೆಂಡತಿ ಸೇರಿ ನಾಲ್ಕೂ ಮಕ್ಕಳನ್ನು, ಮೊಲೆ ಕುಡಿಯುವ ಕೂಸನ್ನೂ ಸೇರಿಸಿ, ಶಕುನಗಾರ ಬಾಲ್-ಮಲಿಕ್‌ಗೆ 60 ಶೆಕೆಲ್‌ಗೆ ಮಾರಿದರು. ಇವತ್ತಿನ ತೂಕದಲ್ಲಿ ಸುಮಾರು ಅರ್ಧ ಕಿಲೋ ಬೆಳ್ಳಿ. ಆಮೇಲೆ ಮಕ್ಕಳ ಪಾದಗಳನ್ನು ಹಸಿಮಣ್ಣಿಗೆ ಒತ್ತಿಸಿದರು. ಪಕ್ಕದಲ್ಲಿ ಯಾರ ಪಾದವೆಂದು ಬರೆದು, ಸಾಕ್ಷಿಗಳು ಮುದ್ರೆಯೊತ್ತಿದರು.

ಇದು ಯಾಕೆ ಬೇಕಿತ್ತು? ಆ ನಾಡಿನಲ್ಲಿ ಕರಾರಿಗೆ ಮುದ್ರೆ ಒತ್ತುವುದು ರೂಢಿ. ಮುದ್ರೆಯಿಲ್ಲದವರು ಉಗುರಿನ ಗುರುತನ್ನೋ ಬಟ್ಟೆಯ ಅಂಚನ್ನೋ ಮಣ್ಣಿಗೆ ಒತ್ತುತ್ತಿದ್ದರು. ಮಗುವಿಗೆ ಅದ್ಯಾವುದೂ ಇಲ್ಲ, ಇರುವುದು ಕಾಲೊಂದೇ. ಗುರುತು ಹಿಡಿಯಲಿಕ್ಕೆ ಎಂದರೆ ನಾನು ನಂಬಲಾರೆ. ವರ್ಷ ಕಳೆಯುವುದರೊಳಗೆ ಆ ಅಚ್ಚಿಗೆ ಆ ಕಾಲು ಹೊಂದುವುದಿಲ್ಲ. ಆ ದಿನ, ಆ ಜನರೆದುರು, ಮಗುವನ್ನು ತಂದು ಒಪ್ಪಿಸಿದ್ದಾಯಿತು ಎನ್ನುವುದಕ್ಕೆ ಅದು ಸಾಕ್ಷಿ, ಅಷ್ಟೆ. ಆ ಪಾದವನ್ನು ಯಾರು ಹಿಡಿದು ಒತ್ತಿದರು ಎಂಬುದನ್ನು ಹಲಗೆ ಹೇಳುವುದಿಲ್ಲ. ಮಡಚಿಕೊಳ್ಳುವ ಬೆರಳುಗಳನ್ನು ಬಿಡಿಸಿ ಹಿಡಿಯಲು ಯಾರೋ ಒಬ್ಬರು ಬೇಕೇ ಬೇಕು. ಮಗು ಅಳದಿರಲು ತಾಯಿಯೇ ಹಿಡಿದಿರಬೇಕೆಂದು ನನಗೆ ಅನ್ನಿಸುತ್ತದೆ. ಪತ್ರದಲ್ಲಿ ನಾಲ್ಕು ಮಕ್ಕಳಿದ್ದರೂ ಸಿಕ್ಕಿರುವ ಪಾದದಚ್ಚು ಮೂರು. ಅವು ಉಳಿದದ್ದು ಕೊಂಡವನ ಕಡತದಲ್ಲಿ. ಹೆತ್ತವರ ಬಳಿ ಏನು ಉಳಿದಿತ್ತು?

ನಮಗೆ ಇದು ಪರದೇಶದ ಕಥೆ ಎನಿಸಬೇಕಿಲ್ಲ. ಕಾರಂತರ ‘ಚೋಮನ ದುಡಿ’ಯಲ್ಲಿ ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೊರಡುವುದು ಮಕ್ಕಳೇ. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ಅಲ್ಲಿಯವರೆಗೆ ಎಷ್ಟು ಹೆಬ್ಬೆಟ್ಟುಗಳು ಎಷ್ಟು ಸಾಲಪತ್ರಗಳ ಮೇಲೆ ಬಿದ್ದಿದ್ದವೋ. ಅಂದ ಹಾಗೆ, ಬೆರಳಚ್ಚನ್ನು ಸರ್ಕಾರಿ ಕೆಲಸಕ್ಕೆ ತಂದ ವಿಲಿಯಂ ಹರ್ಷೆಲ್ 1858ರಲ್ಲಿ ಬಂಗಾಳದಲ್ಲಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನಿಂದ ಕರಾರಿಗೆ ಮೊದಲು ಒತ್ತಿಸಿಕೊಂಡದ್ದು ಹೆಬ್ಬೆರಳನ್ನಲ್ಲ, ಇಡೀ ಅಂಗೈಯನ್ನು.

ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಆಸ್ಪತ್ರೆಗಳು ಮಕ್ಕಳು ಅದಲುಬದಲಾಗಬಾರದೆಂದು ನವಜಾತ ಶಿಶುಗಳ ಪಾದಕ್ಕೆ ಶಾಯಿ ಬಳಿದು ಕಾಗದಕ್ಕೆ ಒತ್ತತೊಡಗಿದವು. ಉದ್ದೇಶ ಒಳ್ಳೆಯದೇ. ಆದರೆ ಶಿಶುವಿನ ಚರ್ಮದ ಗೆರೆಗಳು ತೀರಾ ನವಿರು, ಕಾಲು ಒದರುತ್ತಿರುತ್ತದೆ, ಶಾಯಿ ಹರಡುತ್ತದೆ. ಹೆಚ್ಚಿನ ಅಚ್ಚುಗಳು ಬರೀ ಕಪ್ಪು ಕಲೆ. ಪರೀಕ್ಷಿಸಿ ನೋಡಿದಾಗ ಗುರುತು ಹಿಡಿಯಲು ಬಹುತೇಕ ಯಾವುವೂ ಪ್ರಯೋಜನಕ್ಕೆ ಬರಲಿಲ್ಲ. ಮಣಿಕಟ್ಟಿಗೆ, ಕಾಲಿಗೆ ಕಟ್ಟುವ ಪಟ್ಟಿಗಳೇ ಮೇಲು ಎಂದಾಯಿತು. ಆದರೂ ಎಷ್ಟೋ ಆಸ್ಪತ್ರೆಗಳು ಒತ್ತುವುದನ್ನು ಬಿಡಲಿಲ್ಲ. ಈಗ ಆ ಕಾಗದ ಕಡತಕ್ಕೆ ಹೋಗುವುದಿಲ್ಲ, ಮಗುವಿನ ಜೊತೆ ತಾಯಿಯ ಕೈಗೆ ಕೊಟ್ಟು ಕಳಿಸುತ್ತಾರೆ.